ಎರಡು ಗುಡ್ಡ, ನಡುವೆ ಸೂರ್ಯ: ಶಾಲಾ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಶಾಲಾ ಶಿಕ್ಷಣ ಇಲಾಖೆಯ ಆಯುಕ್ತರು, ಉಪನಿರ್ದೇಶಕರು, ಕ್ಷೇತ್ರ ಶಿಕ್ಷಣಾಧಿಕಾರಿಗಳು, ಕ್ಲಸ್ಟರ್ ಎಂಬ ಶಾಲಾ ಗುಂಪುಗಳ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳು, ಮುಖ್ಯ ಶಿಕ್ಷಕರು ಓದಲಿ ಎಂದು ಈ ಪತ್ರ ಬರೆಯುತ್ತಿದ್ದೇವೆ. ಶಾಲೆಯಲ್ಲಿ ಮಕ್ಕಳು ತಮ್ಮದೇ ಚಿತ್ರ ಬರೆದು ತಮ್ಮದೇ ಕತೆ ಹೇಳುವಂತಾಗಬೇಕು ಎಂಬುದು ನಮ್ಮ ಬೇಡಿಕೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೂ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಾದ ಅರಿವು ಕೇಂದ್ರಗಳ ಮೇಲ್ವಿಚಾರಕರೂ ಓದಿದರೆ ಇನ್ನೂ ಒಳ್ಳೆಯದು, ಏಕೆಂದರೆ ಇಲ್ಲಿ ಹೇಳಿರುವ ಕೆಲಸದಲ್ಲಿ ಅರ್ಧದಷ್ಟು ಅವರ ಕೈಯಲ್ಲೇ ಇದೆ.

ಎಂಟು ವರ್ಷದ ಮಗುವಿನ ಕೈಗೆ ಬಿಳಿ ಹಾಳೆ ಕೊಟ್ಟು "ನಿಂಗಿಷ್ಟ ಬಂದಿದ್ದು ಬರಿ" ಎಂದು ನೋಡಿ. ತ್ರಿಕೋನದಂಥ ಎರಡು ಗುಡ್ಡ, ನಡುವೆ ಕಿರಣ ಚಾಚಿದ ಸೂರ್ಯ, ಅಲ್ಲಿಂದ ಡೊಂಕಾಗಿ ಇಳಿದು ಬರುವ ನದಿ, ದಡದಲ್ಲೊಂದು ಮನೆ, ಒಂದು ತೆಂಗಿನಮರ, ಮೇಲೆ ನಾಲ್ಕು ಹಕ್ಕಿ. ಮಕ್ಕಳು ಇದಕ್ಕೆ "ಸೀನರಿ" ಎನ್ನುತ್ತಾರೆ. ಕೊಡಗಿನ ಮಗು ಇದನ್ನು ಬರೆದರೆ ಸರಿ, ಅದು ಗುಡ್ಡ ಕಂಡಿದೆ. ಕಣ್ಣು ಹಾಯುವಷ್ಟು ದೂರ ತೊಗರಿ ಹೊಲವೇ ಇರುವ ಕಲಬುರಗಿ ಕಡೆಯ ಮಗುವೂ ಇದನ್ನೇ ಬರೆಯುತ್ತದೆ. ಅದರ ಮನೆಯ ಹಿತ್ತಲಿನ ಜಾಲಿ ಮರ, ಓಣಿಯ ಬೋರ್‌ವೆಲ್, ಕಟ್ಟೆಯ ಮೇಲೆ ಕೂತ ಅಜ್ಜ, ಇವು ಯಾವುವೂ ಹಾಳೆಗೆ ಬರುವುದಿಲ್ಲ. ಕಲ್ಪನೆ ಇಲ್ಲದ ಮಗುವೇನೂ ಅಲ್ಲ ಅದು. ಯಾರೋ ಒಮ್ಮೆ ಬೋರ್ಡಿನ ಮೇಲೆ ಸೀನರಿ ಬರೆದು "ನೋಡ್ಕೊಂಡು ಬರೀರಿ" ಎಂದರು, ಹಾಗೇ ಬರೆದವರ ಹಾಳೆಗೆ "ಗುಡ್" ಹಾಕಿದರು. ಚಿತ್ರ ಅಂದರೆ ಇದೇ ಎಂದು ಮಗು ತಿಳಿದುಕೊಂಡಿತು.

ಕತೆಯ ಪಾಡೂ ಇದೇ. ಇಲಾಖೆಯೇ ಶಾಲಾ ಮಕ್ಕಳಿಗೆ ನಡೆಸುವ ಸ್ಪರ್ಧೆಗಳ ಮೇಳವಾದ ಪ್ರತಿಭಾ ಕಾರಂಜಿಯಲ್ಲಿ ಕತೆ ಹೇಳುವ ಸ್ಪರ್ಧೆ ಇದೆ, ಚಿತ್ರಕಲೆಯೂ ಇದೆ. ಕ್ಲಸ್ಟರ್‌ನಿಂದ ತಾಲ್ಲೂಕು, ಜಿಲ್ಲೆ, ರಾಜ್ಯದವರೆಗೆ ಸರ್ಕಾರಿ ಶಾಲೆಯ ಮಗುವಿಗೆ ವೇದಿಕೆ ಸಿಗುವುದು ದೊಡ್ಡ ಮಾತು. ಅದು ಇರಲೇಬೇಕು. ಆದರೆ ಆ ವೇದಿಕೆಯಲ್ಲಿ ಕೇಳಿಬರುವ ಕತೆ ಬಹುಪಾಲು ಬಾಯಿಪಾಠ. ದೊಡ್ಡವರು ಬರೆದುಕೊಟ್ಟದ್ದು, ಎಲ್ಲಿ ಕೈ ಎತ್ತಬೇಕು, ಎಲ್ಲಿ ದನಿ ಏರಿಸಬೇಕು ಎಂದು ಹೇಳಿಕೊಟ್ಟದ್ದು. ನಡುವೆ ಒಂದು ವಾಕ್ಯ ಮರೆತರೆ ಮಗು ಕಂಗಾಲಾಗಿ ನಿಂತುಬಿಡುತ್ತದೆ. ತನ್ನದೇ ಕತೆ ಹೇಳುವ ಮಗು ಹಾಗೆ ನಿಲ್ಲುವುದಿಲ್ಲ, ಮರೆತದ್ದರ ಜಾಗಕ್ಕೆ ಇನ್ನೊಂದನ್ನು ಹುಟ್ಟಿಸಿಕೊಂಡು ಮುಂದೆ ಹೋಗುತ್ತದೆ.

ನಾವು ಕೇಳುವುದು ಇಷ್ಟು: ಒಂದರಿಂದ ಐದನೇ ತರಗತಿವರೆಗೆ, ವಾರಕ್ಕೊಮ್ಮೆ, ಪ್ರತಿ ಮಗುವೂ ತಾನು ಕಂಡದ್ದನ್ನೋ ಊಹಿಸಿದ್ದನ್ನೋ ಚಿತ್ರವಾಗಿ ಬರೆಯಬೇಕು, ಅದರ ಕತೆ ಹೇಳಬೇಕು, ಆ ಕತೆಯನ್ನು ದೊಡ್ಡವರೊಬ್ಬರು ಮಗುವಿನ ಮಾತಿನಲ್ಲೇ ಬರೆದುಕೊಳ್ಳಬೇಕು. ಇದಕ್ಕೆ ಹೊಸ ಯೋಜನೆ, ಹೊಸ ಹೆಸರು, ಹೊಸ ಕಿಟ್ ಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಈಗಾಗಲೇ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ನೆಲದ ಮೇಲೆ ಗುಂಪಾಗಿ ಕೂರಿಸಿದೆ. ಆ ಗುಂಪೇ ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ.

ಮೊದಲು, ಮಗುವಿನ ಚಿತ್ರವನ್ನು ನೋಡುವುದು ಹೇಗೆ ಎಂಬುದು ಎಲ್ಲರಿಗೂ ಗೊತ್ತಿರಬೇಕು. ಎರಡರಿಂದ ನಾಲ್ಕು ವರ್ಷದವರೆಗೆ ಬರೀ ಗೀಚು. ನಾಲ್ಕರ ಆಸುಪಾಸಿನಲ್ಲಿ ಒಂದು ದುಂಡನೆ ತಲೆ, ಅದರಿಂದಲೇ ನೇರವಾಗಿ ಹೊರಟ ಕೈಕಾಲು. ಹೊಟ್ಟೆ ಇಲ್ಲ, ಕುತ್ತಿಗೆ ಇಲ್ಲ. ಇದು ತಪ್ಪಲ್ಲ, ಲೋಕದ ಬಹುತೇಕ ಕಡೆ ಮಕ್ಕಳು ಮನುಷ್ಯನನ್ನು ಹೀಗೇ ಶುರು ಮಾಡುತ್ತಾರೆ. ಆರೇಳು ವರ್ಷಕ್ಕೆ ಹಾಳೆಯ ಕೆಳಗೆ ನೆಲದ ಗೆರೆ ಬರುತ್ತದೆ, ಎಲ್ಲವೂ ಅದರ ಮೇಲೆ ಸಾಲಾಗಿ ನಿಲ್ಲುತ್ತವೆ. ಬಸ್ಸಿನ ತಗಡಿನೊಳಗೆ ಕೂತವರ ಕಾಲೂ ಕಾಣುತ್ತದೆ, ಹಸುವಿನ ಹೊಟ್ಟೆಯೊಳಗಿನ ಕರುವೂ ಕಾಣುತ್ತದೆ. ಬಾವಿಯ ಸುತ್ತ ನಿಂತವರು ನಾಲ್ಕೂ ದಿಕ್ಕಿಗೆ ಮಲಗಿದಂತಿರುತ್ತಾರೆ. ಅಮ್ಮ ಮನೆಗಿಂತ ಎತ್ತರ ಇರುತ್ತಾಳೆ. ಕಣ್ಣಿಗೆ ಕಂಡದ್ದಕ್ಕಿಂತ ತನಗೆ ಗೊತ್ತಿರುವುದನ್ನು, ತನಗೆ ಮುಖ್ಯವಾದದ್ದನ್ನು ಮಗು ಬರೆಯುತ್ತಿದೆ. ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾಶಿಕ್ಷಣ ತಜ್ಞರು 1947ರಲ್ಲೇ ಈ ಹಂತಗಳನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಆದರೂ ಇವತ್ತಿಗೂ "ಬಸ್ಸಿನೊಳಗಿನ ಕಾಲು ಕಾಣಲ್ಲ, ಅಳಿಸು" ಎನ್ನುವ ಮಾತು ತರಗತಿಗಳಲ್ಲಿ ಕೇಳುತ್ತದೆ.

ಒಂಬತ್ತು-ಹತ್ತು ವರ್ಷ ಅತಿ ನಾಜೂಕಿನ ವಯಸ್ಸು. ತನ್ನ ಚಿತ್ರ ನಿಜದ ಹಾಗಿಲ್ಲ ಎಂದು ಮಗುವಿಗೆ ಆಗ ತಾನೇ ಕಾಣಲು ಶುರುವಾಗುತ್ತದೆ. "ನಂಗೆ ಡ್ರಾಯಿಂಗ್ ಬರಲ್ಲ ಮಿಸ್" ಎಂಬ ಮಾತು ನಾಲ್ಕನೇ ತರಗತಿಯಿಂದ ಕೇಳಲು ಕಾರಣ ಇದು. ಹಲವರು ಅಲ್ಲಿಗೇ ಚಿತ್ರ ಬರೆಯುವುದನ್ನು ಬಿಡುತ್ತಾರೆ, ಜೀವಮಾನವಿಡೀ. ಈ ಹೊತ್ತಿನಲ್ಲಿ "ಪರವಾಗಿಲ್ಲ, ಚೆನ್ನಾಗಿದೆ" ಎಂದರೆ ಮಗು ನಂಬುವುದಿಲ್ಲ. ಅದರ ಬದಲು ವಸ್ತುವನ್ನೇ ಮುಂದಿಡಿ. ಒಂದು ಹವಾಯಿ ಚಪ್ಪಲಿ, ಒಂದು ಬೀಗ, ಅರ್ಧ ಹೆಚ್ಚಿದ ಹಾಗಲಕಾಯಿ. ಹತ್ತು ನಿಮಿಷ ಅದನ್ನೇ ನೋಡುತ್ತ ಬರೆಯಲಿ. ಚಪ್ಪಲಿಯ ಸವೆದ ಹಿಮ್ಮಡಿ, ಪಿನ್ನು ಚುಚ್ಚಿ ಸರಿಮಾಡಿದ ಬಾರು ಹಾಳೆಗೆ ಬಂದಾಗ ಮಗುವಿಗೇ ತನ್ನ ಕೈಮೇಲೆ ಭರವಸೆ ಬರುತ್ತದೆ. ಆ ಚಪ್ಪಲಿ ಯಾರದು, ಎಲ್ಲೆಲ್ಲಿ ಓಡಾಡಿತು ಎಂದು ಕೇಳಿದರೆ ಕತೆಯೂ ಬಂತು.

ಇನ್ನು ವಾರದ ಆ ಹೊತ್ತಿನ ಲೆಕ್ಕ. ಎರಡು ಪೀರಿಯಡ್ ಒಟ್ಟಿಗೆ ಕೊಡಿ, ಅಂದರೆ 80 ನಿಮಿಷ. ಬಿಡಿಬಿಡಿಯಾಗಿ ನಲವತ್ತು ನಿಮಿಷ ಕೊಟ್ಟರೆ ಹಾಳೆ ಹಂಚಿ, ಬಣ್ಣ ಹಂಚಿ, ಮಗು ಚಿತ್ರದೊಳಗೆ ಇಳಿಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಮೊದಲ 10 ನಿಮಿಷ ಮಾತು, ಆಮೇಲೆ 30 ನಿಮಿಷ ಚಿತ್ರ, 25 ನಿಮಿಷ ಕತೆ ಬರೆದುಕೊಳ್ಳುವುದು, ಉಳಿದ 15 ನಿಮಿಷ ಆಟ.

ಮೊದಲ ಹತ್ತು ನಿಮಿಷದಲ್ಲಿ ಏನು ಕೇಳುತ್ತೀರಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. "ಪರಿಸರ ಉಳಿಸಿ", "ನನ್ನ ಶಾಲೆ", "ಸ್ವಚ್ಛ ಭಾರತ" ಎಂದರೆ ಪೋಸ್ಟರ್ ಬರುತ್ತದೆ, ಚಿತ್ರ ಬರುವುದಿಲ್ಲ. ಪ್ರಶ್ನೆ ಸಣ್ಣದಾಗಿರಲಿ, ಮಗು ಉತ್ತರ ಬಲ್ಲದ್ದಾಗಿರಲಿ. ರಾತ್ರಿ ಕರೆಂಟ್ ಹೋದಾಗ ನಿಮ್ಮ ಮನೇಲಿ ಯಾರ್‍ಯಾರು ಎಲ್ಲೆಲ್ಲಿ ಇರ್ತಾರೆ? ನಿಮ್ಮ ಬೀದಿಯ ಬೆಕ್ಕು ಹಗಲೆಲ್ಲ ಎಲ್ಲಿಗೆ ಹೋಗುತ್ತೆ? ಸಂತೇಲಿ ಅಮ್ಮನ ಕೈ ತಪ್ಪಿದರೆ ಮೊದಲು ಯಾರನ್ನ ಹುಡುಕ್ತೀಯ? ಇಂಥ ಪ್ರಶ್ನೆಗೆ ಎರಡು ಗುಡ್ಡದ ನಡುವಿನ ಸೂರ್ಯ ಉತ್ತರವಾಗಲು ಸಾಧ್ಯವೇ ಇಲ್ಲ. ಬೋರ್ಡಿನ ಮೇಲೆ ಒಂದು ಗೆರೆಯನ್ನೂ ಎಳೆಯಬೇಡಿ. ಎಳೆದರೆ ಮೂವತ್ತು ಮಕ್ಕಳಲ್ಲಿ ಇಪ್ಪತ್ತೈದು ಮಂದಿ ಅದನ್ನೇ ಎಳೆಯುತ್ತಾರೆ.

ಆ ಹೊತ್ತಿಗೆ ರಬ್ಬರ್ ಡಬ್ಬಿಯೊಳಗಿರಲಿ. ರಬ್ಬರ್ ಕೈಯಲ್ಲಿದ್ದರೆ ಅರ್ಧ ಗಂಟೆಯಲ್ಲಿ ಕಾಲು ಗಂಟೆ ಅಳಿಸುವುದಕ್ಕೇ ಹೋಗುತ್ತದೆ, ಅಗ್ಗದ ಹಾಳೆ ಹರಿಯುತ್ತದೆ, ಪಕ್ಕದವರೊಂದಿಗೆ ಜಗಳವೂ ಆಗುತ್ತದೆ. ಗೆರೆ ತಪ್ಪಿತು ಎಂದು ಮಗು ಅತ್ತರೆ, ಆ ಗೆರೆ ಇನ್ನೇನಾಗಬಹುದು ಎಂದು ಕೇಳಿ. ಅಡ್ಡ ಹೋದ ಗೆರೆ ಬಟ್ಟೆ ಒಣಗಿಸುವ ಹಗ್ಗವಾಗುತ್ತದೆ.

ಕತೆ ಬರೆದುಕೊಳ್ಳುವಾಗ ಒಂದು ಮಗುವಿಗೆ ಐದು ನಿಮಿಷ ಬೇಕು. 25 ನಿಮಿಷದಲ್ಲಿ ಐವರು, ಮೂವತ್ತು ಮಕ್ಕಳ ತರಗತಿಯಲ್ಲಿ ಆರು ವಾರಕ್ಕೊಮ್ಮೆ ಎಲ್ಲರ ಸರದಿ. ಉಳಿದವರು ಆ ಹೊತ್ತಿನಲ್ಲಿ ಇಬ್ಬಿಬ್ಬರಾಗಿ ಕೂತು ತಮ್ಮ ಚಿತ್ರದ ಕತೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲಿ. ಕೇಳುವವರು "ಹೂಂ" ಅನ್ನುತ್ತಿರಬೇಕು. ಅಜ್ಜಿ ಕತೆ ಹೇಳುವಾಗ ನಮ್ಮ ಮನೆಗಳಲ್ಲಿ ಹೂಂಗುಟ್ಟುವ ಪದ್ಧತಿ ಇತ್ತಲ್ಲ, ಅದನ್ನು ತರಗತಿಗೆ ತಂದರೆ ಸಾಕು. ಹೂಂ ನಿಂತರೆ ಕತೆ ನಿಲ್ಲುತ್ತದೆ ಎಂದು ಮಕ್ಕಳಿಗೆ ಬೇಗ ತಿಳಿಯುತ್ತದೆ.

ಬರೆದುಕೊಳ್ಳುವವರು ಮಗುವಿನ ಎದುರು ಕೂರಬೇಡಿ, ಪಕ್ಕದಲ್ಲಿ ಕೂರಿ. ಹಾಳೆ ಮಗುವಿಗೂ ಕಾಣಬೇಕು, ತನ್ನ ಮಾತು ಅಕ್ಷರವಾಗುವುದನ್ನು ಅದು ನೋಡಬೇಕು. ಅಕ್ಷರ ದಪ್ಪಗಿರಲಿ. "ಇದೇನು?" ಎಂದು ಕೇಳಿದರೆ "ಮನೆ" ಎಂಬ ಒಂದೇ ಪದ ಬಂದು ಮಾತು ಮುಗಿಯುತ್ತದೆ. "ಇಲ್ಲಿ ಏನಾಗ್ತಿದೆ?" ಎಂದು ಕೇಳಿ, ಆಮೇಲೆ "ಆಮೇಲೆ?" ಎಂದಷ್ಟೇ ಕೇಳಿ. ಮಗುವಿನ ಚಿತ್ರದ ಮೇಲೆ ನಿಮ್ಮ ಅಕ್ಷರ ಬೀಳಬಾರದು, ಬೇರೆ ಹಾಳೆಯಲ್ಲಿ ಬರೆದು ಕೆಳಗೆ ಅಂಟಿಸಿ. ಮುಗಿದ ಮೇಲೆ ಬೆರಳಿಟ್ಟು ಓದಿ ಹೇಳಿ. "ಹಂಗಲ್ಲ, ನಾಯಿ ಮೊದಲು ಬಂತು" ಎಂದು ಮಗು ತಿದ್ದಿದರೆ ನೀವು ತಿದ್ದಿಕೊಳ್ಳಿ. ಹೆಸರನ್ನೂ ಮಗುವೇ ಇಡಲಿ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಧಾರವಾಡದ ಕಡೆಯ ಮಗುವೊಂದು ಹೀಗೆ ಹೇಳಿತು ಎನ್ನಿ:

"ನಮ್ಮ ಎಮ್ಮಿ ಈದೈತಿ. ಅಮ್ಮ ಗಿಣ್ಣಾ ಮಾಡ್ಯಾಳ. ಎಲ್ಲಾರೂ ತಿಂದ್ರು. ಕರಾಕ್ಕ ಕೊಡ್ಲೇ ಇಲ್ಲ."

ಇದನ್ನು "ನಮ್ಮ ಎಮ್ಮೆಯು ಕರುವನ್ನು ಹಾಕಿತು. ತಾಯಿಯು ಗಿಣ್ಣವನ್ನು ಮಾಡಿದರು" ಎಂದು ತಿದ್ದಿ ಬರೆದರೆ ವ್ಯಾಕರಣ ಉಳಿಯುತ್ತದೆ, ಕತೆ ಹೋಗುತ್ತದೆ. ಕೊನೆಯ ಸಾಲನ್ನು ಮತ್ತೊಮ್ಮೆ ಓದಿ. ಕರುವಿನ ಪಾಲಿನ ಹಾಲು ಮನೆಯವರ ಬಟ್ಟಲಿಗೆ ಬಂದದ್ದನ್ನು ಆ ಮಗು ಗಮನಿಸಿದೆ, ಅದನ್ನು ತನ್ನ ಮನೆಮಾತಿನ ಮೂರು ಪದದಲ್ಲಿ ಹೇಳಿದೆ. ಆ ಪದಗಳಿಗೆ ಕೈ ಹಚ್ಚುವ ಹಕ್ಕು ನಮಗಿಲ್ಲ. ಗ್ರಾಂಥಿಕ ಕನ್ನಡ ಕಲಿಸಲು ವಾರದಲ್ಲಿ ಬೇಕಾದಷ್ಟು ಪೀರಿಯಡ್‌ಗಳಿವೆ. ತಾಂಡಾದ ಮಗು ಲಂಬಾಣಿಯಲ್ಲಿ, ಕರಾವಳಿಯ ಮಗು ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳಿದರೆ ಅದನ್ನೂ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಆ ಮಾತು ಬಲ್ಲ ದೊಡ್ಡ ತರಗತಿಯ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡದಲ್ಲೂ ಬರೆಯಿರಿ. ಎರಡೂ ಒಂದೇ ಪುಟದಲ್ಲಿರಲಿ. ತನ್ನ ಮನೆಮಾತು ಪುಸ್ತಕದಲ್ಲಿ ಇರಬಹುದು ಎಂದು ಹಲವು ಮಕ್ಕಳಿಗೆ ತಿಳಿಯುವುದೇ ಆಗ.

ಕೊನೆಯ 15 ನಿಮಿಷದ ಆಟವನ್ನು ಸಮಯ ಸಾಲದು ಎಂದು ಬಿಟ್ಟುಬಿಡಬೇಡಿ. ಶಿಕಾಗೋದ ಶಿಕ್ಷಕಿ ವಿವಿಯನ್ ಪೇಲಿ ಚಿಕ್ಕ ಮಕ್ಕಳ ತರಗತಿಯಲ್ಲಿ ಬಹಳ ವರ್ಷ ಮಾಡಿ ತೋರಿಸಿದ ಪದ್ಧತಿ ಇದು: ಮಗು ಹೇಳಿ ಬರೆಸಿದ ಕತೆಯನ್ನು ಇಡೀ ತರಗತಿ ಆಡುವುದು. ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಮೀಟರ್ ಚೌಕ ಎಳೆಯಿರಿ, ಮಕ್ಕಳು ಸುತ್ತ ಕೂರಲಿ. ಕತೆ ಹೇಳಿದ ಮಗು ತನಗೆ ಬೇಕಾದ ಪಾತ್ರ ಆರಿಸಿಕೊಳ್ಳುತ್ತದೆ, ಉಳಿದ ಪಾತ್ರಗಳಿಗೆ ಕೂತ ಸಾಲಿನ ಪ್ರಕಾರ ಸರದಿ. ಮೇಷ್ಟ್ರು ಕತೆ ಓದುತ್ತಾರೆ, ಮಕ್ಕಳು ಆಡುತ್ತಾರೆ. ವೇಷ ಬೇಡ, ತಾಲೀಮು ಬೇಡ. ಒಂದು ಕತೆಗೆ ಮೂರು ನಿಮಿಷ ಸಾಕು. ಪಾತ್ರ ಹಂಚುವುದನ್ನು ಮಕ್ಕಳಿಗೇ ಬಿಟ್ಟರೆ ಮಾತ್ರ ಜಗಳ, ಅದೇ ನಾಲ್ವರು ಪ್ರತಿ ಸಲ ಒಳಗೆ, ಅದೇ ನಾಲ್ವರು ಹೊರಗೆ. ಸರದಿಯ ನಿಯಮ ಬಿಡಬೇಡಿ. ತನ್ನ ಕತೆಯಲ್ಲಿ "ಆಮೇಲೆ ಹೋದ" ಎಂದಷ್ಟೇ ಇದ್ದರೆ ಆಡುವವರು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಲ್ಲುತ್ತಾರೆ. ಮುಂದಿನ ಸಲ ಆ ಮಗು "ಕೆರೆ ಏರಿ ಮ್ಯಾಲಿಂದ ಹೋದ" ಎಂದು ಹೇಳುತ್ತದೆ. ವಿವರ ಏಕೆ ಬೇಕು ಎಂದು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ಇನ್ನೊಂದಿಲ್ಲ.

ಸಾಮಗ್ರಿಗೆ ದುಡ್ಡಿಲ್ಲ ಎಂಬುದು ಮೊದಲು ಬರುವ ಉತ್ತರ. ಲೆಕ್ಕ ನೋಡಿ. ಮೂವತ್ತು ಮಕ್ಕಳು, ವರ್ಷದಲ್ಲಿ ಮೂವತ್ತು ವಾರ, ವಾರಕ್ಕೊಂದು ಎ4 ಹಾಳೆ: 900 ಹಾಳೆ, ಎರಡು ರೀಮಿಗೂ ಕಡಿಮೆ. ಒಂದು ಬದಿ ಮುದ್ರಿತವಾದ ಹಾಳೆಯೂ ಆಗುತ್ತದೆ. ಹೊಳಪಿನ ಚಾರ್ಟ್ ಪೇಪರ್ ತರಬೇಡಿ, ಅದರ ಮೇಲೆ ಮೇಣದ ಕ್ರೇಯಾನ್ ಜಾರುತ್ತದೆ, ಬಣ್ಣ ಹತ್ತುವುದಿಲ್ಲ. ಮಾಮೂಲಿ 70-75 ಜಿಎಸ್‌ಎಂ (ಹಾಳೆಯ ದಪ್ಪ ಸೂಚಿಸುವ ತೂಕದ ಅಳತೆ) ಹಾಳೆಯ ಮೇಲೆ ವಾಟರ್ ಕಲರ್ ಹಚ್ಚಿದರೆ ಹಾಳೆ ಸುರುಟಿ ತೂತಾಗುತ್ತದೆ, ನೀರಿನ ಬಣ್ಣಕ್ಕೆ 150 ಜಿಎಸ್‌ಎಂ ಆದರೂ ಬೇಕು. ಎಚ್‌ಬಿ ಪೆನ್ಸಿಲ್ ಗಟ್ಟಿ, ಚಿಕ್ಕವರ ಕೈಯಲ್ಲಿ ಅದರ ಗೆರೆ ಮಸುಕು, ಮೆತ್ತಗಿನ 2ಬಿ ಅಥವಾ 4ಬಿ ಕೊಡಿ. ಹನ್ನೆರಡು ಬಣ್ಣದ ಕ್ರೇಯಾನ್ ಡಬ್ಬಿ ಮೂವರಿಗೊಂದು. ಸುತ್ತಿದ ಕಾಗದ ಬಿಚ್ಚಿ, ಕಡ್ಡಿಯನ್ನು ಅಡ್ಡ ಮಲಗಿಸಿ ಉಜ್ಜುವುದನ್ನು ತೋರಿಸಿದರೆ ಮುರಿದ ತುಂಡೂ ಕೆಲಸಕ್ಕೆ ಬರುತ್ತದೆ. ಸ್ಕೆಚ್ ಪೆನ್ ಬೇಡವೇ ಬೇಡ. ಮುಚ್ಚಳ ತೆಗೆದಿಟ್ಟು ಮರೆತರೆ ಒಣಗಿತು, ಮತ್ತೆ ಏಳುವುದಿಲ್ಲ.

ಬಣ್ಣಕ್ಕೆ ನಮ್ಮ ನೆಲದಲ್ಲೇ ದಾರಿ ಇದೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಕರಕಾಗಿ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಬಳಸುತ್ತಾರೆ. ಕುಂಚ ಪುಂಡಿ ನಾರಿನದು. ಶಾಲೆಯಲ್ಲಿ ಕೆಮ್ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ಹಳೆ ಪಂಚೆಯಲ್ಲಿ ಸೋಸಿ. ಎರಡು ಚಮಚ ಮಣ್ಣಿಗೆ ಒಂದು ಚಮಚ ಗೋಂದು, ಮಜ್ಜಿಗೆಯ ಹದಕ್ಕೆ ಬರುವಷ್ಟು ನೀರು. ಗೋಂದು ಕಡಿಮೆಯಾದರೆ ಒಣಗಿದ ಮೇಲೆ ಬಣ್ಣ ಉದುರುತ್ತದೆ, ಹೆಚ್ಚಾದರೆ ಬಿರುಕು ಬಿಡುತ್ತದೆ. ಅಕ್ಕಿಯ ಬಿಳಿಯನ್ನು ಅಂದಂದೇ ಅರೆಯಿರಿ, ಮಾರನೇ ದಿನ ಹುಳಿ ವಾಸನೆ ಬರುತ್ತದೆ. ಅರಿಶಿನಕ್ಕೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುವುದನ್ನು ನೋಡಲು ಮಕ್ಕಳು ಮುಗಿಬೀಳುತ್ತಾರೆ, ಆದರೆ ಸುಣ್ಣ ಕಣ್ಣಿಗೆ ಹಾರಿದರೆ ಅಪಾಯ, ಅದನ್ನು ದೊಡ್ಡವರೇ ಹಾಕಬೇಕು. ಅರಿಶಿನದ ಚಿತ್ರವನ್ನು ಬಿಸಿಲಲ್ಲಿ ತೂಗುಹಾಕಬೇಡಿ, ಕೆಲವೇ ದಿನದಲ್ಲಿ ಬಣ್ಣ ಹಾರಿಹೋಗುತ್ತದೆ.

ಕತೆಗಳು ಪುಸ್ತಕವಾಗಬೇಕು. ಒಂದೇ ಹಾಳೆಯಿಂದ ಎಂಟು ಪುಟದ ಪುಸ್ತಕ ಮಾಡಬಹುದು. ಹಾಳೆಯನ್ನು ಮೂರು ಸಲ ಅರ್ಧರ್ಧ ಮಡಚಿ ಬಿಚ್ಚಿದರೆ ಎಂಟು ಚೌಕ ಕಾಣುತ್ತವೆ, ಸಾಲಿಗೆ ನಾಲ್ಕು. ಈಗ ಗಿಡ್ಡ ಅಂಚು ಗಿಡ್ಡ ಅಂಚಿಗೆ ಕೂಡುವಂತೆ ಒಂದು ಸಲ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದು ಚೌಕದ ಉದ್ದ ಮಾತ್ರ ಕತ್ತರಿಸಿ. ಬಿಚ್ಚಿ, ಉದ್ದುದ್ದಕ್ಕೆ ಮಡಚಿ, ಎರಡೂ ತುದಿಯನ್ನು ಒಳಕ್ಕೆ ತಳ್ಳಿ. ಸೀಳು ಬಾಯಿ ತೆರೆದು ಪುಟಗಳು ನಾಲ್ಕು ದಿಕ್ಕಿಗೆ ನಿಲ್ಲುತ್ತವೆ, ಅವನ್ನು ಸುತ್ತಿ ಒತ್ತಿದರೆ ಪುಸ್ತಕ. ಮಡಿಕೆಯ ಬದಲು ಬಿಟ್ಟ ಅಂಚಿನಿಂದ ಕತ್ತರಿಸಿದರೆ ಸೀಳು ನಡುವೆ ಬೀಳದೆ ಹಾಳೆಯ ಎರಡೂ ತುದಿಯಲ್ಲಿ ಬೀಳುತ್ತದೆ, ಪುಸ್ತಕ ನಿಲ್ಲುವುದಿಲ್ಲ. ಮೊದಲೇ ಚಿತ್ರ ಬರೆದು ಆಮೇಲೆ ಮಡಚಿದರೆ ಅರ್ಧ ಪುಟಗಳು ತಲೆಕೆಳಗಾಗುತ್ತವೆ, ಆದ್ದರಿಂದ ಮಡಚಿದ ಮೇಲೇ ಬರೆಯಬೇಕು. ಎ4 ಹಾಳೆಯಲ್ಲಿ ಪುಟದ ಅಳತೆ ಸುಮಾರು 7.4 ಗುಣಿಸು 10.5 ಸೆಂ.ಮೀ. ಒಂದು, ಎರಡನೇ ತರಗತಿಯವರಿಗೆ ಇದು ಇಕ್ಕಟ್ಟು, ಅವರಿಗೆ ಎ3 ಕೊಡಿ.

ಈ ಪುಸ್ತಕಗಳು ಶಾಲೆಯ ಬೀರುವಿನಲ್ಲಿ ಬೀಗದೊಳಗೆ ಕೂರಬಾರದು. ಅರಿವು ಕೇಂದ್ರದಲ್ಲಿ ಮಕ್ಕಳ ಪುಸ್ತಕಗಳಿಗೆ ಒಂದು ಕೆಳಗಿನ ಅರೆ ಕೊಡಿ, ಬೇರೆ ಪುಸ್ತಕಗಳಂತೆ ನಂಬರ್ ಹಾಕಿ ರಿಜಿಸ್ಟರ್‌ನಲ್ಲಿ ಸೇರಿಸಿ. ಮನೆಯಿಂದ ಶಾಲೆಯ ದಾರಿಯ ಚಿತ್ರಗಳನ್ನು ಮಕ್ಕಳ ಗ್ರಾಮಸಭೆಗೆ ತನ್ನಿ. ಮುಚ್ಚಳವಿಲ್ಲದ ಚರಂಡಿ ಎಲ್ಲಿದೆ, ನಾಯಿಗಳಿಗೆ ಹೆದರಿ ಎಲ್ಲಿ ಸುತ್ತು ಹಾಕುತ್ತಾರೆ ಎಂಬುದು ಆ ಚಿತ್ರಗಳಲ್ಲಿ ಇರುತ್ತದೆ.

ಚಿತ್ರ ಪ್ರದರ್ಶನ ಮಾಡುವಾಗ ಎಲ್ಲ ಮಕ್ಕಳದ್ದೂ ಇರಲಿ, ಆಯ್ದವರದ್ದಲ್ಲ. ದಾರ ಕಟ್ಟಿ ಕ್ಲಿಪ್ ಹಾಕಿ ನೆಲದಿಂದ ಮೂರು-ಮೂರೂವರೆ ಅಡಿ ಎತ್ತರದಲ್ಲಿ ತೂಗುಹಾಕಿ. ನೋಡಬೇಕಾದವರ ಕಣ್ಣು ಇರುವುದು ಅಲ್ಲಿ. ಹಿಂದುಗಡೆ ಪೆನ್ಸಿಲ್‌ನಲ್ಲಿ ಹೆಸರು, ವಯಸ್ಸು, ತಾರೀಖು. ಮುಂದೆ ನಕ್ಷತ್ರ, ಅಂಕ, ಸಹಿ ಯಾವುದೂ ಬೇಡ. ಮಗುವಿನ ಮುಖ, ಹೆಸರು, ಶಾಲೆ ಮೂರನ್ನೂ ಸೇರಿಸಿ ವಾಟ್ಸಾಪ್‌ಗೆ ಹಾಕಬೇಡಿ.

ಒಂದು ಎಚ್ಚರಿಕೆ. ಚಿತ್ರ ನೋಡಿ ಮಗುವಿನ ಮನಸ್ಸಿನ ತೀರ್ಪು ಕೊಡಬೇಡಿ. ಇಡೀ ಹಾಳೆ ಕಪ್ಪಾಗಿದ್ದರೆ ಡಬ್ಬಿಯಲ್ಲಿ ಉಳಿದದ್ದು ಕಪ್ಪೊಂದೇ ಇರಬಹುದು. ಆದರೆ ಮಗು ಕತೆ ಹೇಳುತ್ತ ಯಾರೋ ಹೊಡೆದದ್ದನ್ನು, ಮುಟ್ಟಿದ್ದನ್ನು ಹೇಳಿದರೆ ಅದನ್ನು ಕತೆಯೆಂದು ತೇಲಿಸಬೇಡಿ. ಆ ಹಾಳೆ ಗೋಡೆಗೆ ಹೋಗಬಾರದು. ಮಗುವಿನ ಮಾತು ಪೂರ್ತಿ ಕೇಳಿ, ಅಡ್ಡಪ್ರಶ್ನೆ ಹಾಕದೆ ಹೇಳಿದ ಹಾಗೇ ಬರೆದಿಟ್ಟು, ಮುಖ್ಯ ಶಿಕ್ಷಕರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ಇರುವುದು ಇದಕ್ಕೇ.

ಪ್ರತಿಭಾ ಕಾರಂಜಿಯ ಬಗ್ಗೆ ನಮ್ಮ ಬಿನ್ನಹ ಇದು. ಕಿರಿಯರ ವಿಭಾಗದಲ್ಲಿ ಚಿತ್ರ ಮತ್ತು ಕತೆಯನ್ನು ಒಂದೇ ಸ್ಪರ್ಧೆಯಾಗಿಸಿ. ಸ್ಥಳದಲ್ಲೇ ಚೀಟಿ ಎತ್ತಿ ಪ್ರಶ್ನೆ ಕೊಡಿ, 45 ನಿಮಿಷ ಚಿತ್ರ, ಆಮೇಲೆ ನಾಲ್ಕು ನಿಮಿಷ ಅದರ ಕತೆ, ಕೊನೆಗೆ ತೀರ್ಪುಗಾರರ ಎರಡು ಪ್ರಶ್ನೆ. ಸ್ವಂತ ಗಮನಿಕೆಗೆ ಹೆಚ್ಚು ಅಂಕ, ಕತೆಯ ಓಟಕ್ಕೆ ಆಮೇಲೆ, ಅಚ್ಚುಕಟ್ಟಿಗೆ ಎಲ್ಲಕ್ಕಿಂತ ಕಡಿಮೆ. ಮಗುವಿನ ಆಡುಮಾತಿಗೆ ಅಂಕ ಕಳೆಯುವಂತಿಲ್ಲ ಎಂದು ತೀರ್ಪುಗಾರರ ಹಾಳೆಯಲ್ಲೇ ಅಚ್ಚು ಹಾಕಿಸಿ. ಮುದ್ರಿತ ಚಿತ್ರಕ್ಕೆ ಬಣ್ಣ ತುಂಬುವ ಸ್ಪರ್ಧೆಗಳನ್ನು ಶಾಲೆಗಳಲ್ಲಿ ನಿಲ್ಲಿಸಿ.

ಬಹಳಷ್ಟು ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರಿಲ್ಲ. ಆ ಹುದ್ದೆಗಳನ್ನು ತುಂಬಿ. ತುಂಬುವವರೆಗೆ ಕ್ಲಸ್ಟರ್‌ಗೆ ಒಬ್ಬರನ್ನಾದರೂ ಗುರುತಿಸಿ, ಸಿಆರ್‌ಪಿ ಸಭೆಯಲ್ಲಿ ಅರ್ಧ ದಿನ ಈ ಕೆಲಸವನ್ನು ಶಿಕ್ಷಕರ ಕೈಯಲ್ಲೇ ಮಾಡಿಸಿ. ಭಾಷಣ ಬೇಡ, ಶಿಕ್ಷಕರೂ ಹವಾಯಿ ಚಪ್ಪಲಿಯನ್ನೇ ನೋಡಿ ಬರೆಯಲಿ.

ಜೂನ್ ಮೊದಲ ವಾರ ಆದೇಶ ಹೊರಟರೆ, ದಸರಾ ರಜೆ ಕಳೆದು ನವೆಂಬರ್ 14ರ ಮಕ್ಕಳ ದಿನಾಚರಣೆಗೆ ಪ್ರತಿ ಮಗುವಿಗೂ ಮೂರು ಸರದಿ ಸಿಕ್ಕಿರುತ್ತದೆ, ಮೂರು ಕತೆ ಕೈಯಲ್ಲಿರುತ್ತದೆ. ಆ ದಿನ ಪೆನ್ಸಿಲ್ ಬಾಕ್ಸ್ ಹಂಚುವ ಬದಲು ಮಕ್ಕಳು ಬರೆದ ಪುಸ್ತಕಗಳನ್ನು ಊರವರ ಮುಂದೆ ಓದಿಸಿ. ಮಾದರಿ ವೇಳಾಪಟ್ಟಿ, ಪುಸ್ತಕ ಮಡಚುವ ಕ್ರಮ, ಪ್ರಶ್ನೆಗಳ ಪಟ್ಟಿಯನ್ನು ನಾವು ಬರೆದು ಕೊಡಲು ಸಿದ್ಧರಿದ್ದೇವೆ. ಇಲಾಖೆ ಕರೆದ ದಿನ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮಕ್ಕಳೊಂದಿಗೆ ಚಿತ್ರ ಮತ್ತು ಕತೆಯ ಕೆಲಸ ಮಾಡುತ್ತಿರುವ ಚಿತ್ರಕಲಾ ಶಿಕ್ಷಕರು, ನಲಿ-ಕಲಿ ಶಿಕ್ಷಕಿಯರು ಹಾಗೂ ಗ್ರಂಥಾಲಯ ಮೇಲ್ವಿಚಾರಕರು